ಮನೆಮಂದಿಯ ಗಾಡಿಗೆ ಎಂಥ ಬೋಟ್? ಲೆಕ್ಕ ಬಾಗಿಲ ಸ್ಟಿಕ್ಕರ್‌ನಿಂದ ಶುರುವಾಗಲಿ

ಪ್ರಶ್ನೆ: ನಾವು ಮಿಶಿಗನ್‌ನ ನೋವೈಯಲ್ಲಿದ್ದೇವೆ. ನಮ್ಮದು 2022ರ ಟೊಯೊಟಾ ಹೈಲ್ಯಾಂಡರ್ ಹೈಬ್ರಿಡ್, ಆಲ್ ವೀಲ್ ಡ್ರೈವ್. ಟ್ರೇಲರ್ ಸಿಕ್ಕಿಸುವ ಹಿಚ್ ಇನ್ನೂ ಹಾಕಿಸಿಲ್ಲ. ಯಜಮಾನರು 19 ಅಡಿಯ ಹಳೆಯ ಫೈಬರ್‌ಗ್ಲಾಸ್ ಬೌರೈಡರ್ (ಮುಂಭಾಗದಲ್ಲೂ ಸೀಟು ಇರುವ ಬೋಟ್) ಒಂದನ್ನು ನೋಡಿಟ್ಟಿದ್ದಾರೆ. ಜಾಹೀರಾತಿನಲ್ಲಿ ತೂಕ 2600 ಪೌಂಡ್ ಎಂದಿದೆ. ‘ಹೈಲ್ಯಾಂಡರ್ 5000 ಪೌಂಡ್ ಎಳೆಯುತ್ತೆ, ಯೋಚನೆಯೇ ಬೇಡ’ ಅಂತಾರೆ. ನಮಗೆ ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಕುಂದಾಪುರದಿಂದ ಅತ್ತೆ-ಮಾವ ಬಂದು ಇರುತ್ತಾರೆ. ಅತ್ತೆಗೆ ಮಂಡಿನೋವು. ಕ್ಯಾಸ್ ಲೇಕ್, ಸೇಂಟ್ ಕ್ಲೇರ್, ವರ್ಷಕ್ಕೊಮ್ಮೆ ಹೋಟನ್ ಲೇಕ್‌ಗೆ ಹೋಗುವ ಆಸೆ. ಈ ಬೋಟ್ ತಗೊಳ್ಳಬಹುದಾ? ಬೇಡ ಅಂದರೆ ಯಾವುದು? ಡ್ರೈವರ್ ಬಾಗಿಲಿನ ಸ್ಟಿಕ್ಕರ್‌ನಲ್ಲಿ 1340 ಪೌಂಡ್ ಎಂದಿದೆ, ಅದೇನು ಅಂತ ಗೊತ್ತಾಗಲಿಲ್ಲ. ಕಾನೂನು, ಲೈಫ್ ಜಾಕೆಟ್ ಬಗ್ಗೆಯೂ ಹೇಳಿ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಆ ಬೋಟ್ ನಿಮ್ಮ ಗಾಡಿಗೆ ಬೇಡ. ಯಜಮಾನರ ಆಸೆ ತಪ್ಪಲ್ಲ, ಬೋಟೂ ಕೆಟ್ಟದ್ದಿರಲಿಕ್ಕಿಲ್ಲ. ಆದರೆ ಈ ಗಾಡಿ, ನಿಮ್ಮ ಮನೆಮಂದಿ, ಆ ಬೋಟ್ ಈ ಮೂರೂ ಒಟ್ಟಿಗೆ ಹೊಂದುವುದಿಲ್ಲ. ನಿಮ್ಮ ಗಾಡಿ ಸಲೀಸಾಗಿ ಎಳೆಯುವಂಥ, ಮಕ್ಕಳಿಗೆ ಖುಷಿ ಕೊಡುವಂಥ ಬೋಟ್‌ಗಳು ಬೇಕಾದಷ್ಟಿವೆ. ಅವುಗಳನ್ನು ಹೇಗೆ ಆರಿಸಬೇಕು ಎನ್ನುವುದನ್ನು ವಿವರವಾಗಿ ಬರೆಯುತ್ತೇನೆ. ಗಾಡಿಗಳ ಬ್ರೇಕ್ ಮತ್ತು ಟೋಯಿಂಗ್ ಪರೀಕ್ಷೆ ನನ್ನ ಕೆಲಸ. ಹಾಗಾಗಿ ಅಂಕಿಗಳು ಸ್ವಲ್ಪ ಜಾಸ್ತಿ ಬರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಯಜಮಾನರು ಹೇಳಿದ 5000 ಪೌಂಡ್ ಪೆಟ್ರೋಲ್ ಎಂಜಿನ್‌ನ ಹೈಲ್ಯಾಂಡರ್‌ದು. ಹೈಬ್ರಿಡ್‌ಗೆ ಟೊಯೊಟಾ ಕೊಟ್ಟಿರುವ ಮಿತಿ 3500 ಪೌಂಡ್, ಅಂದರೆ ಸುಮಾರು 1590 ಕೆಜಿ. ಹೆಸರು ಒಂದೇ, ಹೊರಗಿನ ಮೈ ಒಂದೇ, ಎಳೆಯುವ ಮಿತಿ ಬೇರೆ. ಇದು ನಿಮ್ಮ ಗಾಡಿಗೆ ಮಾತ್ರ ಅಲ್ಲ. ಹೋಂಡಾ ಪೈಲಟ್ ಆಲ್ ವೀಲ್ ಡ್ರೈವ್ ಆದರೆ 5000, ಟೂ ವೀಲ್ ಡ್ರೈವ್ ಆದರೆ 3500. ಸಿಯೆನಾ, ಒಡಿಸ್ಸಿ ಎರಡಕ್ಕೂ 3500. 2025ರವರೆಗಿನ ರಾವ್4 ಹೈಬ್ರಿಡ್‌ಗೆ 1750. ಸಿಆರ್‌-ವಿ ಪೆಟ್ರೋಲ್‌ಗೆ 1500, ಹೈಬ್ರಿಡ್‌ಗೆ 1000. ಆದ್ದರಿಂದ ಗೆಳೆಯರ ಮಾತು, ಬೋಟ್ ಮಾರುವವರ ಮಾತು ನಂಬಿ ಹೋಗಬೇಡಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ ತೆಗೆದು, ನಿಮ್ಮದೇ ವರ್ಷ, ನಿಮ್ಮದೇ ಎಂಜಿನ್ ಇರುವ ಸಾಲು ನೋಡಿ.

ಇನ್ನು, 3500 ಅಂತ ಇದ್ದರೆ 3500 ಎಳೆಯಬಹುದು ಅಂತಲೂ ಅಲ್ಲ. ಅಮೆರಿಕದಲ್ಲಿ ಹೆಚ್ಚಿನ ಕಂಪನಿಗಳು ಈ ಅಂಕಿಯನ್ನು ಎಸ್‌ಎಇ ಜೆ2807 ಎಂಬ ಪರೀಕ್ಷಾ ನಿಯಮದ ಪ್ರಕಾರ ಕೊಡುತ್ತವೆ. ಆ ಲೆಕ್ಕದಲ್ಲಿ ಗಾಡಿಯೊಳಗೆ ಕೂತಿರುವವರು ಇಬ್ಬರೇ, ತಲಾ 150 ಪೌಂಡ್. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ಅತ್ತೆ-ಮಾವ ಇಲ್ಲ, ಚಿತ್ರಾನ್ನದ ಡಬ್ಬಿ ಇಲ್ಲ, ಐಸ್ ತುಂಬಿದ ಕೂಲರ್ ಇಲ್ಲ. ನಿಮ್ಮ ಮನೆಯವರು ಒಬ್ಬೊಬ್ಬರಾಗಿ ಹತ್ತಿ ಕೂತಂತೆಲ್ಲ ಬೋಟ್‌ಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಬೋಟ್‌ನಿಂದ ಲೆಕ್ಕ ಶುರು ಮಾಡಬೇಡಿ, ಗಾಡಿಯಲ್ಲಿ ಕೂರುವ ಜನರಿಂದ ಶುರು ಮಾಡಿ.

ನೀವು ಕೇಳಿದ ಸ್ಟಿಕ್ಕರ್ ಇದಕ್ಕೇ ಇರುವುದು. ಅದರಲ್ಲಿ, ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟಕ್ಕಿಂತ ಮೀರಬಾರದು ಎಂದು ಬರೆದಿರುತ್ತದೆ. ನಿಮ್ಮದು 1340. ಟ್ಯಾಂಕಿನ ಪೆಟ್ರೋಲ್ ಇದರಲ್ಲಿ ಸೇರಿಸಬೇಕಿಲ್ಲ, ಡ್ರೈವರ್ ಸೇರಿಸಬೇಕು. ಹೆಚ್ಚಿನವರು ಮರೆಯುವುದು ಇನ್ನೊಂದನ್ನು. ಟ್ರೇಲರ್‌ನ ಮೂತಿ ಗಾಡಿಯ ಹಿಚ್ ಮೇಲೆ ಒತ್ತುವ ಭಾರವೂ ಈ 1340ರಲ್ಲೇ ಬರಬೇಕು. ಅದಕ್ಕೆ ಟಂಗ್ ವೆಯ್ಟ್ ಅನ್ನುತ್ತಾರೆ. ಟ್ರೇಲರ್‌ನ ಒಟ್ಟು ತೂಕದ ಸುಮಾರು ನೂರಕ್ಕೆ ಹತ್ತು ಭಾಗ ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿಗೆ ಅದರ ಮಿತಿ 350 ಪೌಂಡ್.

ಈಗ ನಿಮ್ಮ ಮನೆಯ ಲೆಕ್ಕ. ತೂಕ ನನ್ನ ಅಂದಾಜು, ನೀವು ಸರಿಯಾದದ್ದನ್ನು ಹಾಕಿಕೊಳ್ಳಿ. ಯಜಮಾನರು 185, ನೀವು 145, ಮಕ್ಕಳು 70 ಮತ್ತು 45, ಮಾವ 165, ಅತ್ತೆ 140. ಒಟ್ಟು 750. ಮಕ್ಕಳ ಸೀಟು, ಕೂಲರ್, ಊಟ, ಬಟ್ಟೆ, ಟವೆಲ್ ಎಲ್ಲ ಸೇರಿ 130. ಹಿಚ್ ಹಾಕಿಸಿದರೆ ಅದರದ್ದೇ ಸುಮಾರು 50. ಅಲ್ಲಿಗೆ 930 ಆಯಿತು. 1340ರಲ್ಲಿ 930 ಕಳೆದರೆ ಉಳಿಯುವುದು 410.

ಇನ್ನು ಆ ಬೋಟ್. ಜಾಹೀರಾತಿನ 2600 ಪೌಂಡ್ ಖಾಲಿ ಬೋಟ್‌ನ ತೂಕ, ಡ್ರೈ ವೆಯ್ಟ್ ಅನ್ನುತ್ತಾರಲ್ಲ, ಅದು. ಎಂಜಿನ್ ಒಳಗೇ ಇರುವ ಬೌರೈಡರ್‌ಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಇದರಲ್ಲಿ ಸೇರಿರುತ್ತದೆ. ಮೋಟಾರ್ ಹಿಂಬದಿಯಲ್ಲಿ ಹೊರಗೆ ತೂಗುವ ಔಟ್‌ಬೋರ್ಡ್ ಬೋಟ್‌ಗಳಲ್ಲಿ ಎಷ್ಟೋ ಸಲ ಮೋಟಾರ್ ಕೂಡ ಸೇರಿರುವುದಿಲ್ಲ, ಹಾಗಾಗಿ ಕೇಳಲೇಬೇಕು. ಟ್ರೇಲರ್ ಅಂತೂ ಎರಡರಲ್ಲೂ ಸೇರಿರುವುದಿಲ್ಲ. 19 ಅಡಿಯ ಬೋಟ್ ಹೊರುವ ಟ್ರೇಲರ್ 900 ಪೌಂಡ್ ಆಸುಪಾಸು ಇರುತ್ತದೆ. ಪೆಟ್ರೋಲ್ ಒಂದು ಗ್ಯಾಲನ್‌ಗೆ 6 ಪೌಂಡ್. 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 180. ಬ್ಯಾಟರಿ 50. ಆಂಕರ್, ಹಗ್ಗ, ಆರು ಲೈಫ್ ಜಾಕೆಟ್, ಮಕ್ಕಳ ಟ್ಯೂಬ್, ಮುಚ್ಚುವ ಕವರ್ ಎಲ್ಲ ಸೇರಿ 170. ಕೂಡಿಸಿದರೆ 3900. ನಿಮ್ಮ ಗಾಡಿಯ ಮಿತಿಗಿಂತ 400 ಪೌಂಡ್ ಜಾಸ್ತಿ. ಟಂಗ್ ವೆಯ್ಟ್ 390, ಅದೂ ಮಿತಿ ಮೀರಿತು. ಆರು ಜನ ಕೂತ ಮೇಲೆ ಸ್ಟಿಕ್ಕರ್ ಲೆಕ್ಕದಲ್ಲಿ ಉಳಿಯುವುದು ಬರೀ 20 ಪೌಂಡ್.

ಇದು ಬೋಟ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ಬರುವ ತೂಕ. ಹಳೆಯ ಫೈಬರ್‌ಗ್ಲಾಸ್ ಬೋಟ್‌ಗಳ ನೆಲದಡಿ ಫೋಮ್ ತುಂಬಿರುತ್ತಾರೆ, ಮರದ ತೊಲೆಗಳೂ ಇರುತ್ತವೆ. ವರ್ಷಗಟ್ಟಲೆ ಮಳೆ ನೀರು, ಕೆರೆ ನೀರು ಒಳಗಿಳಿದರೆ ಆ ಫೋಮ್ ನೀರು ಹೀರಿಕೊಂಡು ಅಲ್ಲೇ ಹಿಡಿದಿಡುತ್ತದೆ. ನೂರಾರು ಪೌಂಡ್ ಏರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಯಾವ ಹಳೆಯ ಬೋಟ್ ನೋಡಲು ಹೋದರೂ ಒಂದು ಚಿಕ್ಕ ರಬ್ಬರ್ ಸುತ್ತಿಗೆ ಇಟ್ಟುಕೊಂಡು ಹೋಗಿ. ಮೋಟಾರ್ ಕೂರುವ ಹಿಂಬದಿಯ ಹಲಗೆಯನ್ನು ಮೇಲಿಂದ ಕೆಳಗೆ, ಬದಿಯಿಂದ ಬದಿಗೆ ಮೆಲ್ಲಗೆ ಬಡಿಯುತ್ತಾ ಬನ್ನಿ. ಗಟ್ಟಿ ಇದ್ದ ಕಡೆ ಟಕ್ ಟಕ್ ಎಂದು ಚುರುಕಾದ ಸದ್ದು ಬರುತ್ತದೆ. ಕೊಳೆತ ಕಡೆ ಬೊದ್ ಎನ್ನುತ್ತದೆ. ಒಳಗೆ ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ. ಎಲ್ಲಾದರೂ ಕಾಲಡಿ ಮೆತ್ತಗೆ ಅನಿಸಿದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಮನೆಗೆ ವಾಪಸ್ ಬನ್ನಿ.

ಟಂಗ್ ವೆಯ್ಟ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಟೋಯಿಂಗ್‌ನಲ್ಲಿ ಆಗುವ ದೊಡ್ಡ ಅಪಘಾತಗಳಲ್ಲಿ ಬಹಳಷ್ಟು ಇಲ್ಲಿಂದಲೇ ಶುರುವಾಗುತ್ತವೆ. ಎತ್ತಿನ ಗಾಡಿಯಲ್ಲಿ ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲಿಗೆ ಬೀಳುತ್ತದೆ. ಇಲ್ಲೂ ಅದೇ. ಮುಂದೆ ಭಾರ ಜಾಸ್ತಿಯಾದರೆ ನಿಮ್ಮ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟಿಯರಿಂಗ್ ತೇಲಿದಂತಾಗುತ್ತದೆ, ಮುಂದಿನ ಬ್ರೇಕ್‌ಗಳಿಗೆ ಹಿಡಿತ ಸಾಲುವುದಿಲ್ಲ. ಹಿಂದೆ ಭಾರ ಜಾಸ್ತಿಯಾದರೆ ಇನ್ನೂ ಅಪಾಯ. ಒಂದು ಸೆಮಿ ಟ್ರಕ್ ಪಕ್ಕದಲ್ಲಿ ಹಾದುಹೋದರೆ ಸಾಕು, ಟ್ರೇಲರ್ ಆ ಕಡೆ ಈ ಕಡೆ ಓಲಾಡಲು ಶುರು ಮಾಡುತ್ತದೆ. ವೇಗ ಜಾಸ್ತಿ ಇದ್ದಷ್ಟೂ ಓಲಾಟ ಹೆಚ್ಚುತ್ತಾ ಹೋಗುತ್ತದೆ. ಹಾಗಾದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿದಿರಿ. ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ಪಾರಾಗಲು ನೋಡಬೇಡಿ. ಯಜಮಾನರಿಗೆ ಇದನ್ನು ಬಾಯಿಪಾಠ ಮಾಡಿಸಿ.

ಟಂಗ್ ವೆಯ್ಟ್ ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ನಿಮಗೆ ಬೇಕಾದ ಗಾತ್ರದ ಬೋಟ್‌ಗೆ ಮನೆಯ ಬಾತ್‌ರೂಮ್ ತೂಕದ ಯಂತ್ರವೇ ಸಾಕು. ಸಮತಟ್ಟಾದ ಜಾಗದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಡಿ. ಯಂತ್ರದ ಮೇಲೆ ಗಟ್ಟಿಯಾದ ಮರದ ದಿಮ್ಮಿ ಇಟ್ಟು, ಟ್ರೇಲರ್‌ನ ಮೂತಿಯನ್ನು ಹಿಚ್‌ನಷ್ಟೇ ಎತ್ತರದಲ್ಲಿ ಅದರ ಮೇಲೆ ಕೂರಿಸಿ ಓದಿ. ಕಡಿಮೆ ಬಂದರೆ ಸಾಮಾನನ್ನು ಬೋಟ್‌ನ ಮುಂಭಾಗಕ್ಕೆ ಸರಿಸಿ. ಅಷ್ಟಕ್ಕೂ ಸರಿಹೋಗದಿದ್ದರೆ ಬೋಟ್‌ನ ಮೂಗು ತಾಗುವ ವಿಂಚ್ ಕಂಬವನ್ನು ಮುಂದಕ್ಕೆ ಸರಿಸಬೇಕು. ಅದನ್ನು ಅಂಗಡಿಯವರೇ ಮಾಡಿಕೊಡುತ್ತಾರೆ.

ಹೋದ ಕಡೆ ಎಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ಯುರೋಪಿನಲ್ಲಿ ಇದೇ ಗಾತ್ರದ ಗಾಡಿಗಳು ಇನ್ನೂ ಜಾಸ್ತಿ ಎಳೆಯುತ್ತವಲ್ಲ, ಇಲ್ಲಿ ಯಾಕೆ ಕಡಿಮೆ? ಅಲ್ಲಿ ಟ್ರೇಲರ್ ಹಾಕಿದ ಗಾಡಿಗೆ ಹೆಚ್ಚಿನ ದೇಶಗಳಲ್ಲಿ ಗಂಟೆಗೆ 80ರಿಂದ 100 ಕಿ.ಮೀ. ವೇಗದ ಮಿತಿ ಇದೆ. ಆ ವೇಗದಲ್ಲಿ ಟಂಗ್ ವೆಯ್ಟ್ ಕಡಿಮೆ ಇದ್ದರೂ ನಡೆಯುತ್ತದೆ. 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಇಲ್ಲಿ ಜನ ಐ-75ರಲ್ಲಿ ಎಲ್ಲರ ಜೊತೆ ಅದೇ ವೇಗದಲ್ಲಿ ಓಡಿಸುತ್ತಾರೆ. ಹಾಗಾಗಿ ಅಲ್ಲಿನ ಅಂಕಿಯನ್ನು ಇಲ್ಲಿಗೆ ತರಬೇಡಿ.

ಸರಿ, ಹಾಗಾದರೆ ನಿಮಗೆ ಯಾವುದು?

ನಾನು ಮಿತಿಯ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ ಅನ್ನುತ್ತೇನೆ. ನಿಮಗೆ ಅದು ಸುಮಾರು 2600 ಪೌಂಡ್. ಬೋಟ್, ಮೋಟಾರ್, ಟ್ರೇಲರ್, ಪೆಟ್ರೋಲ್, ಸಾಮಾನು ಎಲ್ಲ ಸೇರಿ. ಆ ಕಾಲು ಭಾಗ ಸುಮ್ನೆ ಬಿಡುವುದಲ್ಲ. ಎದುರು ಗಾಳಿ, ಸುಡು ಬಿಸಿಲು, ದಿಢೀರ್ ಬ್ರೇಕ್, ನೀವು ಮರೆತ ಸಾಮಾನು ಎಲ್ಲ ಅದರಲ್ಲೇ ಹೋಗುತ್ತವೆ.

ಈ ತೂಕದೊಳಗೆ ನನ್ನ ಮೊದಲ ಆಯ್ಕೆ 16ರಿಂದ 16.5 ಅಡಿಯ ಅಲ್ಯೂಮಿನಿಯಂ ಡೀಪ್-ವಿ ಬೋಟ್ (ತಳ ಇಂಗ್ಲಿಷಿನ ವಿ ಆಕಾರದ್ದು), 50 ಅಥವಾ 60 ಎಚ್‌ಪಿ ಔಟ್‌ಬೋರ್ಡ್ ಜೊತೆ. ಮೀನು ಹಿಡಿಯಲೂ ಆಗುತ್ತದೆ, ಮಕ್ಕಳನ್ನು ಟ್ಯೂಬ್‌ನಲ್ಲಿ ಎಳೆಯಲೂ ಆಗುತ್ತದೆ. ಲಂಡ್, ಅಲ್ಯೂಮಾಕ್ರಾಫ್ಟ್, ಟ್ರ್ಯಾಕರ್ ಹೆಸರಿನವು ಇಂಥ ಬೋಟ್‌ಗಳು. ಮಿಶಿಗನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೂಡ ಧಾರಾಳವಾಗಿ ಸಿಗುತ್ತವೆ. ಅಂದಾಜು ತೂಕ ನೋಡಿ. ಬೋಟ್ 1000, ಮೋಟಾರ್ 250, ಟ್ರೇಲರ್ 550, ಪೆಟ್ರೋಲ್ 110, ಬ್ಯಾಟರಿ 50, ಸಾಮಾನು 170. ಒಟ್ಟು 2130. ಟಂಗ್ ವೆಯ್ಟ್ 215ರ ಹತ್ತಿರ. ಆರು ಜನ ಕೂತ ಮೇಲೂ ಬಾಗಿಲ ಸ್ಟಿಕ್ಕರ್‌ನಲ್ಲಿ 195 ಪೌಂಡ್ ಮಿಗುತ್ತದೆ. ಮಕ್ಕಳು ಬೆಳೆಯುತ್ತಾರಲ್ವಾ, ಆ ಜಾಗ ಬೇಕು.

ಔಟ್‌ಬೋರ್ಡ್ ಅಂತ ಒತ್ತಿ ಹೇಳಲು ಮಿಶಿಗನ್‌ನ ಚಳಿಯೂ ಕಾರಣ. ಬಳಸಿದ ಮೇಲೆ ಔಟ್‌ಬೋರ್ಡನ್ನು ನೆಟ್ಟಗೆ ಇಳಿಸಿ ನಿಲ್ಲಿಸಿದರೆ ಅದರೊಳಗಿನ ನೀರು ತಾನೇ ಬಸಿದು ಹೋಗುತ್ತದೆ. ಬೌರೈಡರ್‌ನ ಒಳ ಎಂಜಿನ್‌ನಲ್ಲಿ ನೀರು ಬ್ಲಾಕ್‌ನಲ್ಲೇ ಉಳಿಯುತ್ತದೆ. ಚಳಿಗೆ ಮುಂಚೆ ಅದನ್ನು ತೆಗೆದು ಆಂಟಿಫ್ರೀಜ್ ಹಾಕಿಸಲು ಒಂದು ವರ್ಷ ಮರೆತರೂ ಬ್ಲಾಕ್ ಬಿರುಕು ಬಿಟ್ಟು ಎಂಜಿನ್ ಹೋಗುತ್ತದೆ. ಇನ್ನೊಂದು ವಿಷಯ. 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ಬೋಟ್‌ಗಳಿಗೆ, ಒಳಗೆ ನೀರು ತುಂಬಿದರೂ ಮಗುಚದೆ ಮಟ್ಟಸವಾಗಿ ತೇಲುವಷ್ಟು ಫೋಮ್ ಇರಬೇಕು ಎಂದು ಕೋಸ್ಟ್ ಗಾರ್ಡ್ ನಿಯಮವೇ ಇದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ಧೈರ್ಯ.

ಬೋಟ್ ನೋಡಲು ಹೋದಾಗ ಡ್ರೈವರ್ ಸೀಟಿನ ಹತ್ತಿರ ಅಥವಾ ಹಿಂಬದಿಯ ಒಳಗೋಡೆಯಲ್ಲಿ ಒಂದು ಚಿಕ್ಕ ಫಲಕ ಹುಡುಕಿ. 20 ಅಡಿಗಿಂತ ಚಿಕ್ಕ ಮೋಟಾರ್ ಬೋಟ್‌ಗೆ ಅದು ಇರಲೇಬೇಕು. ಎಷ್ಟು ಜನ, ಎಷ್ಟು ಪೌಂಡ್ ಎಂದು ಅದರಲ್ಲಿರುತ್ತದೆ. ಔಟ್‌ಬೋರ್ಡ್ ಆದರೆ ಎಷ್ಟು ಎಚ್‌ಪಿವರೆಗೆ ಎಂದೂ ಇರುತ್ತದೆ. ಈ ಗಾತ್ರದಲ್ಲಿ ಕೆಲವಕ್ಕೆ ಐದು ಜನ ಎಂದಿರುತ್ತದೆ, ಕೆಲವಕ್ಕೆ ಆರು. ಫಲಕದಲ್ಲಿ ಐದು ಎಂದಿದ್ದರೆ ಐದೇ. ಚಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೂ ಅದು ಒಂದು ಜನವೇ. ಫಲಕ ಕಿತ್ತುಹೋಗಿದ್ದರೆ, ಬರೆದದ್ದಕ್ಕಿಂತ ದೊಡ್ಡ ಮೋಟಾರ್ ಹಾಕಿದ್ದರೆ ಆ ಬೋಟ್ ಮುಟ್ಟಬೇಡಿ.

ಈಗ ಅತ್ತೆಯವರ ಮಂಡಿ. ಡೀಪ್-ವಿ ಬೋಟ್‌ನ ಅಂಚು ಎತ್ತರ, ಒಳಗಿನ ನೆಲ ತಗ್ಗು. ಸೀರೆ ಉಟ್ಟುಕೊಂಡು ಅಲುಗಾಡುವ ಬೋಟ್‌ಗೆ ಕಾಲು ದಾಟಿಸಿ ಇಳಿಯುವುದು ಮಂಡಿನೋವಿನವರಿಗೆ ನಿಜವಾಗಿ ಕಷ್ಟ. ಅವರಿಗೆ ಸರಿಯಾದದ್ದು ಪಾಂಟೂನ್. ಚಪ್ಪಟೆ ನೆಲ, ಸುತ್ತ ಕಟಕಟೆ, ಚಿಕ್ಕ ಬಾಗಿಲು, ಸೋಫಾದಂಥ ಸೀಟು, ಮೇಲೆ ನೆರಳು. ಹಾಗಾದರೆ ಪಾಂಟೂನನ್ನೇ ಕೊಳ್ಳೋಣ ಅನಿಸುತ್ತದೆ. 18 ಅಡಿಯ ಚಿಕ್ಕ ಪಾಂಟೂನ್ ಕೂಡ ಟ್ರೇಲರ್, ಮೋಟಾರ್ ಸೇರಿ 2800 ಪೌಂಡ್ ಆಸುಪಾಸು ಬರುತ್ತದೆ. ಗಾಡಿಯ 3500ರ ಮಿತಿಯೊಳಗೇ ಇದೆ, ನಾನು ಹೇಳಿದ 2600 ಮಾತ್ರ ದಾಟುತ್ತದೆ. ಆದರೆ ಅದರ ಅಗಲ, ಎತ್ತರ ನೋಡಿ. ಹೈವೇಯಲ್ಲಿ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಟ್ರೇಲರ್‌ನ ಮುಂಭಾಗ ಇಷ್ಟು ಚದರ ಅಡಿಗಿಂತ ಜಾಸ್ತಿ ಇರಬಾರದು ಎಂದು ಎಷ್ಟೋ ಮ್ಯಾನ್ಯುಯಲ್‌ಗಳಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಕ್ಯಾಸ್ ಲೇಕ್‌ಗೆ ಊರೊಳಗೇ ಎಳೆದುಕೊಂಡು ಹೋಗಬಹುದು. ಹೋಟನ್ ಲೇಕ್‌ವರೆಗೆ ಎರಡೂವರೆ-ಮೂರು ಗಂಟೆ ಎದುರು ಗಾಳಿಯಲ್ಲಿ ನಿಮ್ಮ ಹೈಬ್ರಿಡ್ ಎಳೆಯಬೇಕು ಅಂದರೆ ನನಗೆ ಸಮಾಧಾನ ಇಲ್ಲ.

ನನ್ನ ಸಲಹೆ ಹೀಗೆ. ವರ್ಷದಲ್ಲಿ ಬಹುಪಾಲು ದಿನ ಬೋಟ್ ಹತ್ತುವವರು ನೀವು ನಾಲ್ಕು ಜನ. ಬೋಟನ್ನು ಆ ನಾಲ್ಕು ಜನರಿಗೆ ಕೊಳ್ಳಿ. ಅತ್ತೆ-ಮಾವ ಬಂದಾಗ ಕೆರೆಯ ಹತ್ತಿರವೇ ಪಾಂಟೂನ್ ಬಾಡಿಗೆಗೆ ತಗೊಳ್ಳಿ. ಹೋಟನ್ ಲೇಕ್ ಸುತ್ತ ಬಾಡಿಗೆ ಕೊಡುವ ಮರೀನಾಗಳಿವೆ. ಅತ್ತೆಯವರು ಆರಾಮಾಗಿ ಕೂರುತ್ತಾರೆ, ನೀವು ಏನನ್ನೂ ಎಳೆದುಕೊಂಡು ಹೋಗಬೇಕಿಲ್ಲ. ನಿಮ್ಮ ಬೋಟ್‌ನಲ್ಲೇ ಎಲ್ಲರೂ ಹೋಗುವ ದಿನ ಬಂದರೆ ಇಬ್ಬರು ಬೇರೆ ಕಾರಿನಲ್ಲಿ ಬರಲಿ. ಎಳೆಯುವ ಗಾಡಿಗೆ ಮುನ್ನೂರು ಪೌಂಡ್ ಹಗುರಾಗುತ್ತದೆ.

ಕೆರೆಗಳಲ್ಲಿ ಸೇಂಟ್ ಕ್ಲೇರ್ ಬಗ್ಗೆ ಎಚ್ಚರ ಹೇಳಲೇಬೇಕು. ಅದು ಕೆರೆ ಅಂತ ಹೆಸರು, 430 ಚದರ ಮೈಲಿ ನೀರು. ಸರಾಸರಿ ಆಳ ಬರೀ 11 ಅಡಿ. ಆಳ ಕಡಿಮೆ, ಬಯಲು ಜಾಸ್ತಿ ಇರುವುದರಿಂದ ಗಾಳಿ ಬೀಸಿದ ಕೂಡಲೇ ಗಿಡ್ಡ, ಕಡಿದಾದ ಅಲೆಗಳು ಒಂದರ ಹಿಂದೊಂದು ಏಳುತ್ತವೆ. 16 ಅಡಿಯ ಬೋಟ್‌ಗೆ ಅವು ಒಳ್ಳೆಯ ಅಲೆಗಳಲ್ಲ. ಬೆಳಗ್ಗೆ ಬೇಗ ಹೋಗಿ, ದಡದ ಹತ್ತಿರ ಇರಿ, ಗಾಳಿ ಎದ್ದರೆ ವಾಪಸ್ ಬನ್ನಿ. ಮಾವ ಕುಂದಾಪುರದವರು ಅಂದಿರಿ. ಗಾಳಿ ತಿರುಗುವುದನ್ನು ನೋಡಿ ಬೆಳೆದ ಕಣ್ಣಾದರೆ ಅವರ ಮಾತು ಕೇಳಿ. ಮೊದಲ ಬೇಸಿಗೆ ಪೂರ್ತಿ ಕ್ಯಾಸ್ ಲೇಕ್‌ನಲ್ಲೇ ಕಳೆಯಿರಿ. ಅಲ್ಲಿನ ಡಾಡ್ಜ್ ನಂಬರ್ 4 ಸ್ಟೇಟ್ ಪಾರ್ಕ್‌ನಲ್ಲಿ ಬೋಟ್ ನೀರಿಗೆ ಇಳಿಸುವ ರ‍್ಯಾಂಪ್ ಕಲಿಯಲು ಚೆನ್ನಾಗಿದೆ, ವಾರದ ದಿನಗಳಲ್ಲಿ ಹೋದರೆ ಹಿಂದೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ಹೋಟನ್ ಲೇಕ್ ಮಿಶಿಗನ್ ಒಳನಾಡಿನ ಅತಿ ದೊಡ್ಡ ಕೆರೆ, 20 ಸಾವಿರ ಎಕರೆ. ಅದೂ ಆಳವಿಲ್ಲದ್ದೇ, ಗಾಳಿಗೆ ಅದೇ ಎಚ್ಚರ ಬೇಕು.

ಹಿಚ್ ಹಾಕಿಸುವಾಗ ಅಂಗಡಿಯವರು ‘ಕ್ಲಾಸ್ ತ್ರೀ ಹಾಕ್ತೀವಿ, ಜಾಸ್ತಿ ಎಳೆಯುತ್ತೆ’ ಅನ್ನಬಹುದು. ಗಟ್ಟಿ ಹಿಚ್ ಹಾಕಿಸಿದರೆ ಗಾಡಿಯ ಮಿತಿ ಏರುವುದಿಲ್ಲ. ಗಾಡಿ, ಹಿಚ್, ಹಿಚ್ ಮೇಲಿನ ಗುಂಡು ಅಂದರೆ ಬಾಲ್, ಟ್ರೇಲರ್, ಟೈರ್ ಎಲ್ಲಕ್ಕೂ ಒಂದೊಂದು ಅಂಕಿ ಇದೆ. ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ನಿಮ್ಮ ಮಿತಿ. ಬಾಲ್‌ನ ಅಳತೆ, ಅದರ ಮೇಲೆ ಕೂರುವ ಟ್ರೇಲರ್‌ನ ಕಪ್ಲರ್ ಮೇಲೆ ಅಚ್ಚಾಗಿರುತ್ತದೆ. ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ಲರ್ ಕೂತಂತೆ ಕಾಣುತ್ತದೆ, ಮೊದಲ ಗುಂಡಿಗೇ ಹಾರಿ ಬೀಳುತ್ತದೆ. ಸೇಫ್ಟಿ ಚೈನ್‌ಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ದಾಟಿಸಿ ಹಾಕಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಆ ಚೈನ್‌ಗಳ ಮೇಲೆ ಕೂರುತ್ತದೆ.

ಬ್ರೇಕ್ ನನ್ನ ಕ್ಷೇತ್ರ, ಅದಕ್ಕೆ ಸ್ವಲ್ಪ ಹಟ ಮಾಡುತ್ತೇನೆ. ಟ್ರೇಲರ್‌ಗೆ ಬ್ರೇಕ್ ಇರಬೇಕಾದ ತೂಕ ಬಹಳ ರಾಜ್ಯಗಳಲ್ಲಿ 3000 ಪೌಂಡ್. ಹಾಗಾಗಿ 2100 ಪೌಂಡ್‌ನ ಅಲ್ಯೂಮಿನಿಯಂ ಬೋಟ್‌ಗಳನ್ನು ಬ್ರೇಕ್ ಇಲ್ಲದ ಟ್ರೇಲರ್ ಮೇಲೆ ಮಾರುತ್ತಾರೆ. ಆದರೆ ಗಾಡಿ ಮಾಡಿದವರ ಮಾತು ಬೇರೆ ಇರುತ್ತದೆ. ಕೆಲವು ಕಂಪನಿಗಳ ಮ್ಯಾನ್ಯುಯಲ್ 1000 ಪೌಂಡ್‌ಗೇ ಬ್ರೇಕ್ ಬೇಕು ಅನ್ನುತ್ತದೆ. ನಿಮ್ಮ ಮ್ಯಾನ್ಯುಯಲ್ ನೋಡಿ. ಅದು ಏನೇ ಹೇಳಲಿ, ನೀವು ಬ್ರೇಕ್ ಇರುವ ಟ್ರೇಲರನ್ನೇ ಕೇಳಿ. ಬೋಟ್ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಸರ್ಜ್ ಬ್ರೇಕ್ ಇರುತ್ತದೆ. ನೀವು ಗಾಡಿ ನಿಧಾನಿಸಿದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಆ ನೂಕಿಗೇ ಮೂತಿಯಲ್ಲಿರುವ ಪಿಸ್ಟನ್ ಒತ್ತಿ ಬ್ರೇಕ್ ಹಿಡಿಯುತ್ತದೆ. ಗಾಡಿಯೊಳಗೆ ಬೇರೆ ಕಂಟ್ರೋಲರ್ ಬೇಕಿಲ್ಲ. ರಿವರ್ಸ್‌ನಲ್ಲಿ ಮಾತ್ರ ನೀವೇ ಟ್ರೇಲರನ್ನು ನೂಕುವುದರಿಂದ ಬ್ರೇಕ್ ಸುಮ್ಮನೆ ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಐದನೇ ತಂತಿಯೊಂದು ರಿವರ್ಸ್ ಲೈಟ್‌ನಿಂದ ಬರಬೇಕು. ಹಿಚ್ ಹಾಕಿಸುವಾಗಲೇ ಐದು ಪಿನ್ನಿನ ಕನೆಕ್ಟರ್ ಕೇಳಿ, ಆಮೇಲೆ ಹಾಕಿಸಲು ಮತ್ತೆ ದುಡ್ಡು.

ಹಳೆಯ ಟ್ರೇಲರ್ ಆದರೆ ಟೈರ್ ಬಗ್ಗಿ ನೋಡಿ. ಎಸ್‌ಟಿ ಎಂಬ ಗುರುತಿನ ಟ್ರೇಲರ್ ಟೈರ್ ಇರಬೇಕು, ಕಾರಿನ ಟೈರ್ ಅಲ್ಲ. ಬದಿಯಲ್ಲಿ ಡಾಟ್ ಸಂಖ್ಯೆಯ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರ್ ಮೇಲಿನ ಗೆರೆಗಳು (ಟ್ರೆಡ್) ಚೆನ್ನಾಗಿ ಕಂಡರೂ ಬದಲಾಯಿಸಿ. ಬಿಸಿಲಲ್ಲಿ ನಿಂತ ಟೈರ್ ಒಳಗೊಳಗೇ ಸಾಯುತ್ತದೆ. ಇಂಥ ಎಷ್ಟೋ ಟೈರ್‌ಗಳಿಗೆ ಗಂಟೆಗೆ 65 ಮೈಲಿಯೇ ಮಿತಿ. ಐ-75ರ ಉತ್ತರ ಭಾಗದಲ್ಲಿ 75ರ ಬೋರ್ಡ್ ಕಂಡರೆ ಅದು ನಿಮಗಲ್ಲ. ಬಲಗಡೆಯ ಲೇನ್‌ನಲ್ಲಿ 60ರಲ್ಲಿ ಹೋಗಿ.

ಚಕ್ರದ ಬೇರಿಂಗ್‌ಗೂ ಅಷ್ಟೇ ಗಮನ ಬೇಕು. ಹೈವೇಯಲ್ಲಿ ಓಡಿ ಬಿಸಿಯಾದ ಹಬ್ ಅನ್ನು, ಅಂದರೆ ಚಕ್ರದ ನಡುಭಾಗವನ್ನು, ತಣ್ಣನೆಯ ಕೆರೆಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು, ತುಕ್ಕು ಹಿಡಿದು, ಒಂದು ದಿನ ಚಕ್ರವೇ ಕಳಚುತ್ತದೆ. ವರ್ಷಕ್ಕೊಮ್ಮೆ ಗ್ರೀಸ್ ಮಾಡಿಸಿ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗಲೆಲ್ಲ ಎರಡೂ ಕಡೆಯ ಹಬ್ ಹತ್ತಿರ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಮುಂದೆ ಹೋಗಬೇಡಿ. ರ‍್ಯಾಂಪ್ ತಲುಪಿದ ಮೇಲೂ ಪಾರ್ಕಿಂಗ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ತಣಿಯಲಿ. ಅಷ್ಟರಲ್ಲಿ ಡ್ರೇನ್ ಪ್ಲಗ್ ಹಾಕಿ, ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಹಗ್ಗ ಕಟ್ಟಿ, ಮಕ್ಕಳಿಗೆ ಜಾಕೆಟ್ ಹಾಕಿ. ಮೂಗಿನ ವಿಂಚ್ ಪಟ್ಟಿ ಮತ್ತು ಚೈನ್ ಮಾತ್ರ ಬೋಟ್ ನೀರಿಗೆ ಇಳಿಯುವವರೆಗೆ ಬಿಚ್ಚಬೇಡಿ. ಅಲ್ಯೂಮಿನಿಯಂ ಬೋಟ್ ಹಗುರ, ಇಳಿಜಾರಿನಲ್ಲಿ ಜಾರಿ ಕಾಂಕ್ರೀಟ್ ಮೇಲೆ ಬೀಳುತ್ತದೆ.

ರ‍್ಯಾಂಪ್‌ನಲ್ಲಿ ನಿಮ್ಮ ಗಾಡಿಯ ಹಿಂದಿನ ಚಕ್ರ ನೀರಿಗೆ ಮುಟ್ಟಬಾರದು. ಮುಟ್ಟಬೇಕಾಗಿ ಬಂದರೆ ಆ ರ‍್ಯಾಂಪ್ ನಿಮಗಲ್ಲ. ವಾಪಸ್ ಎಳೆಯುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರಗಳಿಗೆ ಹಿಡಿತ ಕಡಿಮೆಯಾಗುತ್ತದೆ. ಪಾಚಿ ಇದ್ದರೆ ಫ್ರಂಟ್ ವೀಲ್ ಡ್ರೈವ್ ಗಾಡಿಗಳು ಅಲ್ಲೇ ಸುತ್ತುತ್ತಾ ನಿಲ್ಲುತ್ತವೆ. ನಿಮ್ಮದು ಆಲ್ ವೀಲ್ ಡ್ರೈವ್, ಹಿಂದಿನ ಚಕ್ರಕ್ಕೂ ಮೋಟಾರ್ ಇದೆ, ಅದು ನಿಮ್ಮ ಅನುಕೂಲ. ಇಳಿಸುವಾಗ, ಏರಿಸುವಾಗ ಗಾಡಿಯಲ್ಲಿ ಡ್ರೈವರ್ ಬಿಟ್ಟು ಬೇರೆ ಯಾರೂ ಇರಬಾರದು. ಮಕ್ಕಳಂತೂ ಖಂಡಿತ ಬೇಡ.

ಕೊಳ್ಳುವ ಮೊದಲು ಮನೆಯ ಗ್ಯಾರೇಜ್ ಅಳೆಯಿರಿ. 16 ಅಡಿ ಬೋಟ್ ಅಂದರೆ ಮೂತಿ ಮತ್ತು ಮೋಟಾರ್ ಸೇರಿ 20ರಿಂದ 22 ಅಡಿ ಆಗುತ್ತದೆ. ಮಡಚುವ ಮೂತಿಯ ಟ್ರೇಲರ್ ಸಿಕ್ಕರೆ ಎರಡು ಅಡಿ ಉಳಿಯುತ್ತದೆ. ಡ್ರೈವ್‌ವೇಯಲ್ಲಿ ಬೋಟ್ ನಿಲ್ಲಿಸಲು ಎಷ್ಟೋ ಸಬ್‌ಡಿವಿಷನ್‌ಗಳ ಹೌಸಿಂಗ್ ಅಸೋಸಿಯೇಷನ್ ಬಿಡುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಕೊಂಡ ಮೇಲೆ ಒಂದು ದಿನ ಪೂರ್ತಿ ಸಾಮಾನು, ಪೂರ್ತಿ ಮನೆಮಂದಿಯ ಜೊತೆ ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗೆ ಹೋಗಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಗಾಡಿ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಕೆಲವೇ ಡಾಲರ್ ಖರ್ಚು. ನಾನು ಮೇಲೆ ಕೊಟ್ಟ ಅಂದಾಜುಗಳೆಲ್ಲ ಆ ಚೀಟಿ ಕೈಗೆ ಬರುವವರೆಗೆ ಮಾತ್ರ.

ಕೊನೆಗೆ ನೀವು ಕೇಳಿದ ಕಾನೂನು. ಮಿಶಿಗನ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳು ಬೋಟ್‌ನ ತೆರೆದ ಭಾಗದಲ್ಲಿ ಲೈಫ್ ಜಾಕೆಟ್ ಹಾಕಿರಲೇಬೇಕು. ನಿಮ್ಮ ಚಿಕ್ಕವರಿಗೆ ಇದು ಕಡ್ಡಾಯ, ದೊಡ್ಡವರಿಗೂ ಹಾಕಿಸಿ, ನೀವೂ ಹಾಕಿಕೊಳ್ಳಿ. ಪ್ರತಿಯೊಬ್ಬರ ಅಳತೆಯ ಜಾಕೆಟ್ ಬೋಟ್‌ನಲ್ಲಿರಬೇಕು. 26 ಅಡಿಗಿಂತ ಚಿಕ್ಕ ಬೋಟ್‌ನಲ್ಲಿ ಎಂಜಿನ್ ನಿಲ್ಲಿಸುವ ಸುರುಳಿ ಹಗ್ಗವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಂಡಿರಬೇಕೆಂಬ ನಿಯಮ 2021ರ ಏಪ್ರಿಲ್‌ನಿಂದ ಇದೆ. 1996ರ ಜುಲೈ 1ರಿಂದ ಈಚೆಗೆ ಹುಟ್ಟಿದವರಿಗೆ ಬೋಟ್ ಓಡಿಸಲು ಸುರಕ್ಷತಾ ಸರ್ಟಿಫಿಕೇಟ್ ಬೇಕು. ಯಜಮಾನರು ಅದಕ್ಕಿಂತ ಮುಂಚೆ ಹುಟ್ಟಿದ್ದರೂ ಆ ಕೋರ್ಸ್ ಮಾಡಲಿ, ನೀವೂ ಮಾಡಿ. ನೀರಿನ ಮಧ್ಯೆ ಅವರಿಗೆ ಏನಾದರೂ ಆದರೆ ಬೋಟನ್ನು ದಡಕ್ಕೆ ತರಲು ಇನ್ನೊಬ್ಬರಿಗೆ ಬರಬೇಕು. 2019ರಿಂದ ಇನ್ನೊಂದು ನಿಯಮವೂ ಇದೆ. ಕೆರೆ ಬಿಡುವ ಮುಂಚೆ ಡ್ರೇನ್ ಪ್ಲಗ್ ತೆಗೆದು ನೀರೆಲ್ಲ ಬಸಿಯಬೇಕು, ಟ್ರೇಲರ್‌ಗೆ ಸುತ್ತಿಕೊಂಡ ಜೊಂಡು ಕಿತ್ತುಹಾಕಬೇಕು. 1988ರಲ್ಲಿ ಸೇಂಟ್ ಕ್ಲೇರ್‌ನಲ್ಲಿ ಮೊದಲು ಕಂಡ ಜೀಬ್ರಾ ಮಸಲ್ ಎಂಬ ಚಿಪ್ಪಿನ ಜೀವಿ ಇಂದು ಎಷ್ಟೋ ಕೆರೆಗಳಲ್ಲಿ ತುಂಬಿದೆ. ಅದು ಹರಡಿರುವ ದಾರಿಗಳಲ್ಲಿ ಬೋಟ್ ಟ್ರೇಲರ್‌ಗಳೂ ಸೇರಿವೆ.

ಕೊಳ್ಳುವುದಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ನೋಡಿ. ಚಳಿಗಾಲಕ್ಕೆ ಇಡುವ ಖರ್ಚು ತಪ್ಪಿಸಿಕೊಳ್ಳಲು ಬಹಳ ಜನ ಮಾರುತ್ತಾರೆ. ಆಗಿನ್ನೂ ನೀರು ಹೆಪ್ಪುಗಟ್ಟಿರುವುದಿಲ್ಲ, ಕೆರೆಯಲ್ಲೇ ಓಡಿಸಿ ನೋಡಿ ತಗೊಳ್ಳಬಹುದು. ಯಾವುದಾದರೂ ಒಂದು ಗಟ್ಟಿಯಾದ ಮೇಲೆ ಟ್ರೇಲರ್‌ನ ಮೂತಿಯ ಎಡಬದಿಯಲ್ಲಿ ಅಂಟಿಸಿರುವ ತೂಕದ ಲೇಬಲ್ ಮತ್ತು ಬೋಟ್‌ನೊಳಗಿನ ಫಲಕ ಎರಡರ ಫೋಟೋ ಕಳಿಸಿ. ಮುಂಗಡ ಕೊಡುವ ಮುಂಚೆ ನಾನು ಒಮ್ಮೆ ಲೆಕ್ಕ ಹಾಕಿ ಹೇಳುತ್ತೇನೆ.